ಕರಗಣಿಯವನ ಗುಂಡು, ವಿಶ್ರಾಮಬಾಗದ ಅಂಗಳ

ಸಾಂಗಲಿ ಮತ್ತು ಮಿರಜದ ನಡುವಿನ ವಿಶ್ರಾಮಬಾಗ ಕನ್ನಡಿಗರಿಗೆ ಹೊಸ ಜಾಗವಲ್ಲ. ಇಲ್ಲಿಯ ವಿಲಿಂಗ್ಡನ್ ಕಾಲೇಜಿನಲ್ಲಿ ರಂ. ಶ್ರೀ. ಮುಗಳಿಯವರು ವರ್ಷಗಟ್ಟಲೆ ಕನ್ನಡ ಕಲಿಸಿದರು, ವಿ. ಕೃ. ಗೋಕಾಕರು ಪ್ರಿನ್ಸಿಪಾಲರಾಗಿದ್ದರು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ನೇಗಿಲು ಹಿಡಿದವನು, ಆ ಗೇಟು ದಾಟಿದ್ದು ನೆರಳಿಗಾಗಿ ಮಾತ್ರ. ನನ್ನನ್ನು ಇಲ್ಲಿಗೆ ಎಳೆದು ತರುವುದು ಅರಿಷಿಣ. ನನ್ನ ಮನೆಮಾತು ತೆಲುಗಿನಲ್ಲಿ ಅದು ಪಸುಪು, ಸಾಂಗಲಿ ಪೇಟೆಯಲ್ಲಿ ಹಳದ. ಹೆಸರು ಮೂರಾದರೂ ಹಮಾಲಿ, ದಲಾಲಿ ಕಳೆದು ಕೈಗೆ ಬರುವುದು ಒಂದೇ.

ವಿಶ್ರಾಮಬಾಗದಲ್ಲಿ ನನ್ನ ತಂಗಿಯ ಮನೆ. 2019ರ ಬೇಸಿಗೆ ಸೂಟಿಗೆ ಅವಳ ಮಗ ನಮ್ಮೂರಿಗೆ ಬಂದಿದ್ದ. ಹದಿನಾಲ್ಕರ ಹುಡುಗ. ಕಣದಲ್ಲಿ ಬೇಯಿಸಿ ಒಣಗಿಸಿದ ಅರಿಷಿಣವನ್ನು ಪಾಲಿಷ್ ಮಾಡುವ ಡ್ರಮ್ಮು ತಿರುಗುತ್ತಿತ್ತು. ಬೆಲ್ಟಿಗೆ ಅವನ ಎಡಗೈ ಸಿಕ್ಕಿತು. ಮೊಣಕೈ ಕೆಳಗಿನದನ್ನು ತೆಗೆಯಬೇಕಾಯಿತು. ಯಂತ್ರದ ಹತ್ತಿರ ನಿಲ್ಲಬೇಕಾದವ ನಾನು, ಬೇವಿನ ಗಿಡದ ಬುಡಕ್ಕೆ ಕೂತು ಪದ್ಯ ಗೀಚುತ್ತಿದ್ದೆ. ತಂಗಿ ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಹಗುರಾಗುತ್ತಿತ್ತೇನೋ. ಮುಂದೆ ಐದು ವರ್ಷ ಅವಳ ಮನೆಗೆ ಹೋದರೂ ಚಹಾ ಕುಡಿದು, ಹುಡುಗನ ಮುಖ ನೋಡದೆ ಪೇಟೆಗೆ ಓಡುತ್ತಿದ್ದೆ. ಅವನೂ ಹೊರಗೆ ಬರುವುದನ್ನು ಬಿಟ್ಟಿದ್ದ. ಸೆಕೆಯಲ್ಲೂ ತುಂಬುತೋಳಿನ ಅಂಗಿ.

2024ರ ಸೆಪ್ಟೆಂಬರ್ 4, ಬುಧವಾರ. ಗಣೇಶ ಚೌತಿಗೆ ಮೂರು ದಿನ ಇತ್ತು. ರೇಟು ಏರಲಿ ಅಂತ ಹಿಡಿದಿಟ್ಟ ಮಾಲು ಮಾರಿ ಮಧ್ಯಾಹ್ನ ತಂಗಿಯ ಮನೆಗೆ ಬಂದರೆ ಹುಡುಗ ಟಿವಿ ಮುಂದೆ ಗಟ್ಟಿಯಾಗಿ ಕೂತಿದ್ದ. "ಮಾಮಾ, ಬಾ ಇಲ್ಲಿ, ಇಂವಾ ನಮ್ಮ ಕರಗಣಿಯಾಂವ" ಅಂದ. ಐದು ವರ್ಷದಲ್ಲಿ ತಾನಾಗಿ ನನ್ನನ್ನು ಕರೆದದ್ದು ಅದೇ ಮೊದಲು.

ಕರಗಣಿ ಸಾಂಗಲಿ ಜಿಲ್ಲೆಯ ಆಟಪಾಡಿ ತಾಲೂಕಿನ ಹಳ್ಳಿ, ಬರಗಾಲದ ಸೀಮೆ. ಟಿವಿಯಲ್ಲಿದ್ದವರು ಸಚಿನ್ ಖಿಲಾರಿ. ನಮ್ಮ ಕಡೆ ಖಿಲಾರಿ ಅಂದರೆ ಎತ್ತು, ಅದರ ತವರೂ ಆ ಸೀಮೆಯೇ ಎಂಬುದು ಬೇರೆ ಮಾತು. ಶಾಲೆಯಲ್ಲಿದ್ದಾಗ ಸೈಕಲ್ಲಿನಿಂದ ಬಿದ್ದು ಇವರ ಎಡಗೈ ಮುರಿಯಿತು, ಗಾಯ ಕೊಳೆತು ಕೈಯ ಬಲ ಹೋಯಿತು. ಇಂಜಿನಿಯರಿಂಗ್ ಓದಿದರು. ಮೊದಲು ಭರ್ಚಿ ಎಸೆಯುತ್ತಿದ್ದರು, ಭುಜಕ್ಕೆ ಪೆಟ್ಟಾದ ಮೇಲೆ ಗುಂಡು ಹಿಡಿದರು. 2023ರಲ್ಲಿ ಪ್ಯಾರಿಸ್ಸಿನ ವಿಶ್ವ ಪ್ಯಾರಾ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್ಪಿನಲ್ಲಿ 16.21 ಮೀಟರ್ ಎಸೆದು ಬಂಗಾರ. 2024ರ ಮೇದಲ್ಲಿ ಜಪಾನಿನ ಕೋಬೆಯಲ್ಲಿ ಅದೇ ಕೂಟದಲ್ಲಿ 16.30, ಮತ್ತೆ ಬಂಗಾರ. ಕೋಬೆಯಲ್ಲಿ ಭಾರತಕ್ಕೆ ಸಿಕ್ಕಿದ್ದು ಒಟ್ಟು 17 ಪದಕ. ದೇಶದೇಶಗಳ ನಡುವಿನ ಅಷ್ಟು ದೊಡ್ಡ ಕೂಟದ ಸುದ್ದಿ ನಮ್ಮ ಹಳ್ಳಿಗಳಿಗೆ ಮುಟ್ಟಲೇ ಇಲ್ಲ. ಕ್ರಿಕೆಟ್ಟಿನ ಸುದ್ದಿಯಾಗಿದ್ದರೆ ಕಟಿಂಗ್ ಅಂಗಡಿಯಲ್ಲಿ ಮೊದಲು ತಿಳಿಯುತ್ತಿತ್ತು.

ಇವರದು ಎಫ್ 46 ಎಂಬ ವರ್ಗ. ಒಂದು ಕೈ ಇಲ್ಲದವರು, ಇಲ್ಲವೇ ಒಂದು ಕೈಯಲ್ಲಿ ಬಲ ಇಲ್ಲದವರು ಅದರಲ್ಲಿ ಎಸೆಯುತ್ತಾರೆ. ಗಂಡಸರಿಗೆ ಗುಂಡು ಆರು ಕಿಲೋ. ಬಲಗೈ ಎಸೆದರೆ ಸಾಕಲ್ಲ, ಎಡಗೈ ಯಾಕೆ ಬೇಕು ಅಂತ ನಾನು ಕೇಳಿದೆ. ಹುಡುಗ ಎದ್ದು ನಿಂತು ತೋರಿಸಿದ. ಮೈ ತಿರುಗುವಾಗ ಎಡಗೈ ಮೊದಲು ಬೀಸಿ ದಾರಿ ಬಿಡಿಸಬೇಕು, ಆಮೇಲೆ ಮೈಗೆ ಒತ್ತಿಕೊಂಡು ಎಡಮಗ್ಗುಲನ್ನು ಗೋಡೆಯ ಹಾಗೆ ನಿಲ್ಲಿಸಬೇಕು. ಆಗ ಬಲಮಗ್ಗುಲು ಅದರ ಮೇಲೆ ಚಿಮ್ಮುತ್ತದೆ. ಆ ಕೈಯಿಲ್ಲದವ ಸೊಂಟ, ಕಾಲುಗಳಿಂದಲೇ ಎಲ್ಲ ಸಂಭಾಳಿಸಬೇಕು. ಮೂಟೆ ಹೊತ್ತು ಒಂದೇ ಮಗ್ಗುಲಿಗೆ ವಾಲಿದವನಿಗೆ ಅದರ ಕಷ್ಟ ಗೊತ್ತು. ತೋರಿಸುವಾಗ ಹುಡುಗ ಅಂಗಿಯ ತೋಳು ಮೇಲಕ್ಕೆ ಸರಿಸಿದ್ದ. ಅಷ್ಟು ವರ್ಷದ ಮೇಲೆ ಆ ಮೋಟುಗೈಯನ್ನು ನಾನು ನೆಟ್ಟಗೆ ನೋಡಿದೆ.

ಖಿಲಾರಿ ಎರಡನೇ ಎಸೆತದಲ್ಲೇ 16.32 ಹಾಕಿದರು, ಅದು ಏಷ್ಯಾದ ದಾಖಲೆ. ಕೆನಡಾದ ಗ್ರೆಗ್ ಸ್ಟೂವರ್ಟ್ ಏಳಡಿ ಮೀರಿದ ಆಳು, ಅವನದು 16.38. ಬರೀ ಆರು ಸೆಂಟಿಮೀಟರು, ಮೂರು ಬೆರಳಗಲ! ಬೆಳ್ಳಿ ಬಂತು. ಪ್ಯಾರಾಲಿಂಪಿಕ್ಸ್ ಗುಂಡೆಸೆತದಲ್ಲಿ ಭಾರತದ ಗಂಡಸರಿಗೆ 1984ರ ಜೋಗಿಂದರ್ ಸಿಂಗ್ ಬೇಡಿಯವರ ಬೆಳ್ಳಿಯ ಮೇಲೆ, ನಲವತ್ತು ವರ್ಷಕ್ಕೆ ಬಂದ ಪದಕ ಅದು. ನನಗೆ ಹೊಟ್ಟೆ ಉರಿಯಿತು, ಮೂರು ಬೆರಳಿಗೆ ಬಂಗಾರ ಹೋಯಿತಲ್ಲ ಅಂತ. ಹುಡುಗ ನಕ್ಕ. "ಕೋಬೆದಾಗ ಇಂವಾ ಗೆದ್ದಿದ್ದ, ಅಂವಾ ಎರಡನೇದಾಂವ ಆಗಿದ್ದ. ಇವತ್ತು ಅವನ ಪಾಳಿ" ಅಂದ.

ಸಾಂಗಲಿ ಜಿಲ್ಲೆಗೆ ಇದು ಹೊಸದಲ್ಲ. ಪ್ಯಾರಾಲಿಂಪಿಕ್ಸಿನಲ್ಲಿ ಭಾರತಕ್ಕೆ ಮೊದಲ ಬಂಗಾರ ತಂದ ಮುರಳಿಕಾಂತ ಪೇಟಕರ ಇಸ್ಲಾಂಪುರದ ಕಡೆಯ ಪೇಟ ಎಂಬ ಊರಿನವರು. 1965ರ ಯುದ್ಧದಲ್ಲಿ ಗುಂಡೇಟು ತಿಂದ ಸೈನಿಕ, 1972ರಲ್ಲಿ ಹೈಡಲ್‌ಬರ್ಗಿನಲ್ಲಿ ಈಜಿ ಗೆದ್ದರು. ಸಿನಿಮಾ ಬರುವ ತನಕ ನನಗೂ ಗೊತ್ತಿರಲಿಲ್ಲ.

ಅವತ್ತು ಸಂಜೆ ಹುಡುಗ ಎದುರಿನ ಕಿರಾಣಿಯಿಂದ ಐದು ಕಿಲೋ ತೂಕದ ಕಲ್ಲು ಕೇಳಿ ತಂದ. ಹಿತ್ತಲಲ್ಲಿ ಎಸೆದ. ಮೊದಲನೆಯದಕ್ಕೆ ತಾನೇ ಮುಗ್ಗರಿಸಿ ಬಿದ್ದ. ತಂಗಿ ಒಳಗಿಂದ ಓಡಿ ಬಂದಳು, ನಾನು ಅವಳ ಕೈ ಹಿಡಿದು ನಿಲ್ಲಿಸಿದೆ. ನಾಲ್ಕನೆಯದು ದಾಸವಾಳದ ಗಿಡ ಮುರಿಯಿತು. ನನ್ನ ಹೆಜ್ಜೆಯಲ್ಲಿ ಅಳೆದರೆ ಎಂಟು. "ಖಿಲಾರಿಯದು ಎಷ್ಟು ಹೆಜ್ಜೆ ಆಗ್ತದ ಮಾಮಾ?" ಅಂದ. ಅಳೆಯುತ್ತ ಹೋದರೆ ಕಂಪೌಂಡು ಅಡ್ಡ ಬಂತು.

ಕಲ್ಲು ವಾಪಸು ಕೊಡುವಾಗ ಕಿರಾಣಿಯವ ಮೂಲೆ ಸವೆದಿದೆ ಅಂತ ತಕರಾರು ಮಾಡಿದ. ಹೊಸದಕ್ಕೆ ದುಡ್ಡು ಕೊಟ್ಟು ಹಳೆಯದನ್ನು ಮನೆಯಲ್ಲೇ ಇಟ್ಟುಕೊಂಡೆವು.

ಅವನು ಪದಕ ಗೆದ್ದಿಲ್ಲ, ತಾಲೂಕು ಮಟ್ಟದ್ದೂ ಇಲ್ಲ. ಕಾಲೇಜಿಗೆ ಹೋಗುತ್ತಾನೆ, ಸಂಜೆ ಎಸೆಯುತ್ತಾನೆ. 2025ರ ಸೆಪ್ಟೆಂಬರ್ 27ರಿಂದ ಅಕ್ಟೋಬರ್ 5ರ ತನಕ ಅದೇ ವಿಶ್ವ ಕೂಟ ದಿಲ್ಲಿಯ ಜವಾಹರಲಾಲ್ ನೆಹರು ಸ್ಟೇಡಿಯಮ್ಮಿನಲ್ಲಿ ನಡೆಯಿತು. ನಮ್ಮ ದೇಶದಲ್ಲಿ ಅದೇ ಮೊದಲು, ಭಾರತಕ್ಕೆ 22 ಪದಕ. ಅರಿಷಿಣದ ಪಟ್ಟಿಯ ದುಡ್ಡಲ್ಲಿ ರೈಲಿನ ಟಿಕೀಟು ತೆಗೆಸಿಕೊಟ್ಟೆ. ಇಬ್ಬರು ಗೆಳೆಯರ ಜೊತೆ ಮಿರಜದಲ್ಲಿ ಗಾಡಿ ಹತ್ತಿದ. ಮರುದಿನ ಸ್ಟೇಡಿಯಮ್ಮಿನಿಂದ ಫೋನು ಮಾಡಿದ, ಹಿಂದೆ ಜನರ ಗದ್ದಲ.

"ಮಾಮಾ, ಇಲ್ಲೆ ಅರ್ಧ ತೋಳಿನ ಅಂಗಿ ಹಾಕ್ಕೊಂಡೀನಿ. ಬಿಸಿಲು ಭಾಳ ಅದ" ಅಂದ.

ಊಟ ಆತೇನು ಅಂತ ಕೇಳಿದೆ.