ಇಳಿವಯಸ್ಸಿನ ಚಳಿಗಾಲ: ಮಂಕಾಗದಿರಲಿ ಮನಸ್ಸು

ಚಳಿಗಾಲ ಕಾಲಿಟ್ಟೊಡನೆ ಮನೆಯ ಹಿರಿಯರು ಮಾತು ಕಡಿಮೆ ಮಾಡಿ, ಹೊದಿಕೆಯೊಳಗೇ ಹೆಚ್ಚು ಹೊತ್ತು ಕಳೆಯತೊಡಗಿದರೆ 'ವಯಸ್ಸಾಯಿತು, ಚಳಿ ಬೇರೆ' ಎಂದು ಮನೆಯವರು ಸುಮ್ಮನಾಗುವುದುಂಟು. ಆದರೆ ಖಿನ್ನತೆಯು ವೃದ್ಧಾಪ್ಯದ ಸಹಜ ಲಕ್ಷಣವಲ್ಲ. ಚಿಕಿತ್ಸೆಗೆ ಬಗ್ಗುವ ಕಾಯಿಲೆ.

ಚಳಿಗಾಲದಲ್ಲಿ ಕಾಣಿಸಿಕೊಂಡು ವಸಂತದ ಹೊತ್ತಿಗೆ ಇಳಿಯುವ ಖಿನ್ನತೆಯನ್ನು 1984ರಲ್ಲಿ ಅಮೆರಿಕದ ಮನೋವೈದ್ಯ ನಾರ್ಮನ್ ರೋಸೆಂಥಾಲ್ ಮತ್ತು ಸಂಗಡಿಗರು ವಿವರಿಸಿ, 'ಸೀಸನಲ್ ಅಫೆಕ್ಟಿವ್ ಡಿಸಾರ್ಡರ್' ಎಂದು ಹೆಸರಿಸಿದರು. ಹಗಲು ಕಿರಿದಾದಂತೆ ದೇಹದ ದಿನಚರಿಯ ಗಡಿಯಾರ ಏರುಪೇರಾಗುವುದು ಇದಕ್ಕೆ ಮುಖ್ಯ ಕಾರಣವೆಂದು ಭಾವಿಸಲಾಗಿದೆ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟುತ್ತದೆ, ಪಾಪೆ ಕಿರಿದಾಗುತ್ತದೆ. ಹೀಗಾಗಿ ಹಿರಿಯರ ಅಕ್ಷಿಪಟಲಕ್ಕೆ ತಲುಪುವ ಬೆಳಕೂ ಕಡಿಮೆ.

ಅಲ್ಲಿ ಕತ್ತಲೆ, ಇಲ್ಲಿ ಒಂಟಿತನ

ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿನ ಹಗಲು 11 ಗಂಟೆಗೂ ಹೆಚ್ಚು. ಅದೇ ವೇಳೆ ಟೊರೊಂಟೊದಲ್ಲಿ 9 ಗಂಟೆಗಿಂತ ಕಡಿಮೆ. ಲಂಡನ್ನಿನಲ್ಲಿ 8 ಗಂಟೆಯೂ ಇಲ್ಲ. ಮೊಮ್ಮಕ್ಕಳನ್ನು ನೋಡಿಕೊಳ್ಳಲು ಅಲ್ಲಿಗೆ ತೆರಳುವ ಕನ್ನಡಿಗ ತಂದೆ ತಾಯಂದಿರಿಗೆ ಕತ್ತಲೆಯ ಜತೆ ಭಾಷೆ, ನೆರೆಹೊರೆ ಇಲ್ಲದ ಒಂಟಿತನವೂ ಸೇರಿಕೊಳ್ಳುತ್ತದೆ.

ಕರ್ನಾಟಕದಲ್ಲಿ ಬೆಳಕಿನ ಕೊರತೆ ಅಷ್ಟಿಲ್ಲ. ಆದರೆ ಚಳಿಗೆ ಕೀಲುನೋವು ಹೆಚ್ಚಿ ಬೆಳಗಿನ ನಡಿಗೆ ನಿಲ್ಲುತ್ತದೆ. ನಡಿಗೆಯೊಂದಿಗೆ ಉದ್ಯಾನದ ಗೆಳೆಯರ ಮಾತುಕತೆಯೂ ನಿಲ್ಲುತ್ತದೆ.

ಗುರುತಿಸುವುದು ಹೇಗೆ?

'ಬೇಸರವಾಗಿದೆ' ಎಂದು ಹಿರಿಯರು ಹೇಳುವುದು ಅಪರೂಪ. ಮೈಕೈ ನೋವು, ಹಸಿವಿಲ್ಲದಿರುವುದು, ನಸುಕಿಗೆ ಮುಂಚೆಯೇ ಎಚ್ಚರವಾಗುವುದು, ಮರೆವು, ಸಿಡುಕು ಇವೇ ಅವರ ದೂರುಗಳು. ಪ್ರಿಯವಾಗಿದ್ದ ಪತ್ರಿಕೆ, ಪೂಜೆ, ಸಂಗೀತದಲ್ಲೂ ಆಸಕ್ತಿ ತಗ್ಗಿ, ಈ ಸ್ಥಿತಿ ಎರಡು ವಾರ ಮೀರಿದರೆ ವೈದ್ಯರನ್ನು ಕಾಣಬೇಕು. ಥೈರಾಯ್ಡ್ ನ್ಯೂನತೆ, ಬಿ12 ಜೀವಸತ್ವದ ಕೊರತೆ, ಕೆಲವು ಔಷಧಗಳ ಅಡ್ಡಪರಿಣಾಮವೂ ಇಂಥವೇ ಲಕ್ಷಣಗಳನ್ನು ತೋರುವುದರಿಂದ ರಕ್ತಪರೀಕ್ಷೆ ಅಗತ್ಯ.

ಮಾಡಬೇಕಾದುದೇನು?

* ನಸುಕಿನ ಚಳಿಯಲ್ಲಿ ನಡಿಗೆ ಕಷ್ಟವಾದರೆ ನಿಲ್ಲಿಸದೆ, ಬಿಸಿಲೇರಿದ ಮೇಲಕ್ಕೆ ಮುಂದೂಡುವುದು ಲೇಸು. ಮೋಡ ಕವಿದ ಹಗಲಿನಲ್ಲೂ ಹೊರಗಿನ ಬೆಳಕು ಮನೆಯ ದೀಪಕ್ಕಿಂತ ಎಷ್ಟೋ ಪಟ್ಟು ಪ್ರಖರ.

* ಏಳುವ, ಉಣ್ಣುವ, ಮಲಗುವ ವೇಳೆ ನಿಗದಿಯಾಗಿರಲಿ. ಹಗಲು ನಿದ್ದೆ ಮಿತವಾಗಿರಲಿ.

* ತರಕಾರಿ ಹೆಚ್ಚುವುದು, ಮೊಮ್ಮಗುವಿಗೆ ಪಾಠ ಹೇಳುವುದು ಮುಂತಾದ ಚಿಕ್ಕ ಹೊಣೆಯೊಂದು ದಿನವೂ ಅವರದ್ದಾಗಿರಲಿ.

* ಉತ್ತರದ ದೇಶಗಳಲ್ಲಿ 10,000 ಲಕ್ಸ್ ಪ್ರಖರತೆಯ ದೀಪದೆದುರು ಬೆಳಿಗ್ಗೆ ಅರ್ಧ ಗಂಟೆ ಕೂರಿಸುವ ಚಿಕಿತ್ಸೆ ಬಳಕೆಯಲ್ಲಿದೆ. ಅಕ್ಷಿಪಟಲದ ತೊಂದರೆ ಅಥವಾ ಬೈಪೋಲಾರ್ ಕಾಯಿಲೆ ಇದ್ದವರು ವೈದ್ಯರನ್ನು ಕೇಳದೆ ಇದನ್ನು ಬಳಸಬಾರದು.

* ಆಪ್ತ ಸಮಾಲೋಚನೆ ಮತ್ತು ಔಷಧ ಎರಡೂ ಇಳಿವಯಸ್ಸಿನಲ್ಲಿ ಫಲ ನೀಡುತ್ತವೆ. ಗುಣ ಕಂಡಿತೆಂದು ಮಾತ್ರೆಗಳನ್ನು ತಟ್ಟನೆ ನಿಲ್ಲಿಸಬಾರದು.

'ನಾನಿದ್ದು ಏನು ಪ್ರಯೋಜನ' ಎಂಬ ಮಾತು ಹಿರಿಯರ ಬಾಯಿಂದ ಬಂದರೆ ಅದನ್ನು ಗೊಣಗಾಟವೆಂದು ತಳ್ಳಿಹಾಕದೆ, ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಬೇಕು. ಹೀಗೆ ಕೇಳುವುದರಿಂದ ಅಂಥ ಯೋಚನೆ ಹುಟ್ಟುವುದಿಲ್ಲ. ಬದಲಿಗೆ ಮನದ ಭಾರ ಇಳಿಸಲು ದಾರಿಯಾಗುತ್ತದೆ. 2022ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳೂ ಉಚಿತವಾಗಿ ಲಭ್ಯ, ಕನ್ನಡದಲ್ಲೇ ಮಾತನಾಡಬಹುದು.