ಗಿರಿಯ ಬುಡದ ತಾಂಡಾಗಳಲ್ಲಿ ಕಡಲ ಕವಡೆ

ಕವಡೆ ಹೊಲಿದ ಬಟ್ಟೆ ಲಂಬಾಣಿ ಕಸೂತಿಯ ಗುರುತು. ಕಡಲ ಚಿಪ್ಪನ್ನು ಸೂಜಿ-ದಾರದಿಂದ ಬಟ್ಟೆಗೆ ಬಿಗಿದು ಉಡುಗೆ, ಚೀಲ, ಸಿಂಬಿ, ಎತ್ತಿನ ಜೂಲು ಮಾಡುವ ಈ ಕಲೆ ಕರ್ನಾಟಕದಲ್ಲಿ ಬೆಳೆದದ್ದು ಕರಾವಳಿಯಲ್ಲಲ್ಲ, ಘಟ್ಟದಿಂದಾಚೆಯ ಬಯಲುಸೀಮೆಯ ಲಂಬಾಣಿ ವಸತಿಗಳಾದ ತಾಂಡಾಗಳಲ್ಲಿ. ಬಾಬಾಬುಡನ್‌ಗಿರಿಯ ಇಳಿಜಾರು ಮುಗಿದು ತರೀಕೆರೆ, ಕಡೂರು, ಅಜ್ಜಂಪುರದ ಬಯಲು ಶುರುವಾಗುವ ಕಡೆ ಇಂಥ ತಾಂಡಾಗಳು ಹಲವಾರಿವೆ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಮಲೆನಾಡಿನ ತೋಟಗಳಿಗೆ ಕೂಲಿಗೆ ಬರುವವರಲ್ಲಿ ಲಂಬಾಣಿ ಕುಟುಂಬಗಳೂ ಇರುತ್ತವೆ. ಹಣ್ಣು ಬಿಡಿಸುವ ಹೊತ್ತಿನಲ್ಲಿ ಅವರ ಮೈಮೇಲೆ ಕಾಣುವುದು ಸಾದಾ ಸೀರೆ. ಕನ್ನಡಿ, ಕವಡೆ, ನಾಣ್ಯಗಳ ಭಾರದ ಉಡುಪು ಮನೆಯ ಪೆಟ್ಟಿಗೆಯಲ್ಲಿ ಭದ್ರವಾಗಿರುತ್ತದೆ; ಮದುವೆ, ದೀಪಾವಳಿ, ಲಂಬಾಣಿಗಳ ಸಂತ ಸೇವಾಲಾಲರ ಜಯಂತಿಗೆ ಹೊರಬರುತ್ತದೆ.

ಇಲ್ಲಿ ಬಳಕೆಯಾಗುವ ಕವಡೆ ಬೆರಳ ತುದಿಯಷ್ಟು ದೊಡ್ಡ, ಹಳದಿ ಛಾಯೆಯ ಬಿಳಿ ಚಿಪ್ಪು. ಪ್ರಾಣಿಶಾಸ್ತ್ರದಲ್ಲಿ ಇದಕ್ಕೆ ಮೊನೆಟೇರಿಯಾ ಮೊನೆಟಾ ಎಂಬ ಹೆಸರಿದೆ. ಹವಳದ ದಿಬ್ಬಗಳ ನಡುವಿನ ಆಳವಿಲ್ಲದ ನೀರು ಇದರ ನೆಲೆ. ನಮಗೆ ಹತ್ತಿರದ ನೆಲೆಗಳೆಂದರೆ ಲಕ್ಷದ್ವೀಪ ಮತ್ತು ಮಾಲ್ಡೀವ್ಸ್. ಜೀವಂತ ಕವಡೆಹುಳು ತನ್ನ ಮೈಯ ತೆಳು ಪದರವನ್ನು ಚಿಪ್ಪಿನ ಮೇಲೂ ಹೊದಿಸಿಕೊಂಡಿರುತ್ತದೆ. ಹಾಗಾಗಿಯೇ ಅದಕ್ಕೆ ಪಿಂಗಾಣಿಯ ಹೊಳಪು. ಹುಳು ಸತ್ತು, ಚಿಪ್ಪು ಅಲೆಗೆ ಸಿಕ್ಕಿ ಮರಳಿನಲ್ಲಿ ಉರುಳಾಡಿ ದಡ ಸೇರುವ ಹೊತ್ತಿಗೆ ಆ ಹೊಳಪು ಮಾಸಿ, ಬಣ್ಣ ಹಾರಿ, ಮೇಲ್ಮೈ ಸುಣ್ಣದಂತಾಗಿರುತ್ತದೆ. ವ್ಯಾಪಾರಕ್ಕೆ ಬೇಕಾದದ್ದು ಹೊಳಪಿನ ಕವಡೆ. ಆದ್ದರಿಂದ ದ್ವೀಪದ ಜನ ದಡಕ್ಕೆ ಬಿದ್ದದ್ದನ್ನಷ್ಟೇ ನೆಚ್ಚಿಕೊಳ್ಳದೆ ಹುಳುವನ್ನು ನೀರಿನಿಂದಲೇ ತೆಗೆಯುತ್ತಿದ್ದರು. ತೆಂಗಿನ ಗರಿಗಳನ್ನು ನೀರಿಗೆ ಬಿಟ್ಟರೆ ಹುಳುಗಳು ಬಂದು ಕಚ್ಚಿಕೊಳ್ಳುತ್ತಿದ್ದವು ಎಂದು ಹಳೆಯ ಅರಬ್ ಬರಹಗಳು ಹೇಳುತ್ತವೆ. 1343-44ರಲ್ಲಿ ಮಾಲ್ಡೀವ್ಸ್‌ನಲ್ಲಿ ಖಾಜಿಯಾಗಿದ್ದ ಇಬ್ನ್ ಬತೂತಾ, ಕವಡೆಗಳನ್ನು ದಡದ ಗುಂಡಿಗಳಲ್ಲಿ ಹಾಕಿ ಮಾಂಸ ಕೊಳೆತು ಹೋಗುವವರೆಗೆ ಬಿಡುತ್ತಿದ್ದ ಕ್ರಮವನ್ನು ದಾಖಲಿಸಿದ್ದಾನೆ. ಒಂದು ಚಿನ್ನದ ದಿನಾರಿಗೆ ನಾಲ್ಕು ಲಕ್ಷ ಕವಡೆ ಎಂಬ ದರವನ್ನೂ ಅವನು ಬರೆದಿಟ್ಟಿದ್ದಾನೆ. ಮಾಲ್ಡೀವ್ಸ್‌ನವರು ಬಂಗಾಳಕ್ಕೆ ಕವಡೆ ಕಳಿಸಿ ಅಕ್ಕಿ ತರಿಸಿಕೊಳ್ಳುತ್ತಿದ್ದರು. ಬಂಗಾಳದಲ್ಲಿ ಹತ್ತೊಂಬತ್ತನೆಯ ಶತಮಾನದ ಆರಂಭದವರೆಗೂ ಕವಡೆ ಚಲಾವಣೆಯ ಹಣವಾಗಿತ್ತು.

ಈ ಚಿಪ್ಪು ಒಳನಾಡಿಗೆ ಬಂದದ್ದು ಅರಬ್ಬಿ ಸಮುದ್ರದ ವ್ಯಾಪಾರದ ಬೆನ್ನೇರಿ. ಯೆಮೆನ್‌ನ ಮೋಖಾದಿಂದ ಬಾಬಾ ಬುಡನ್ ಏಳು ಕಾಫಿ ಬೀಜ ತಂದು ಗಿರಿಯಲ್ಲಿ ಬಿತ್ತಿದರೆಂಬ ಪ್ರತೀತಿಯನ್ನು ಚಿಕ್ಕಮಗಳೂರಿನಲ್ಲಿ ಯಾರಿಗೂ ಹೊಸದಾಗಿ ಹೇಳಬೇಕಿಲ್ಲ. ಆ ಬೀಜ ಹಾದು ಬಂದ ಸಮುದ್ರದಲ್ಲೇ ಕವಡೆಯ ಮೂಟೆಗಳೂ ಓಡಾಡುತ್ತಿದ್ದವು. ಬಂದರಿನಿಂದ ಮೇಲಕ್ಕೆ ಸರಕು ಸಾಗಿಸುವ ಕೆಲಸದಲ್ಲಿ ಲಂಬಾಣಿಗಳ ಪಾಲು ದೊಡ್ಡದು. ಗಾಡಿರಸ್ತೆಗಳಿಲ್ಲದ ಕಾಲದಲ್ಲಿ ಸಾವಿರಾರು ಹೇರೆತ್ತುಗಳ ಮೇಲೆ ಉಪ್ಪು, ದವಸ ಹೇರಿಕೊಂಡು ದಖ್ಖನ್ನಿನ ಉದ್ದಗಲ ತಿರುಗಿದವರು ಅವರು. ಮೊಗಲರ ಸೈನ್ಯಕ್ಕೆ ದವಸ ಒದಗಿಸಿದರು; 1791-92ರಲ್ಲಿ ಶ್ರೀರಂಗಪಟ್ಟಣದ ಮೇಲೆ ದಂಡೆತ್ತಿ ಬಂದ ಕಾರ್ನ್‌ವಾಲಿಸನ ಸೈನ್ಯವೂ ಅವರನ್ನೇ ನೆಚ್ಚಿತ್ತು. ರಸ್ತೆ, ರೈಲು ಬಂದ ಮೇಲೆ ಈ ಕಸುಬು ಕೈಬಿಟ್ಟುಹೋಗಿ, ತಾಂಡಾಗಳು ಒಂದೊಂದು ಕಡೆ ನೆಲೆನಿಂತವು. ಎತ್ತು ಹೋದರೂ ಎತ್ತಿನ ಕೋಡಿಗೆ, ಹಣೆಗೆ ಕಟ್ಟುತ್ತಿದ್ದ ಕವಡೆಪಟ್ಟಿಯ ಕೈಕೆಲಸ ಉಳಿಯಿತು.

ಹೆಂಗಸರ ಉಡುಪಿನಲ್ಲಿ ಲಂಗಕ್ಕೆ ಫೇಟಿಯಾ, ಬೆನ್ನು ತೆರೆದ ಕುಪ್ಪಸಕ್ಕೆ ಕಾಂಚಳಿ, ತಲೆಯಿಂದ ಇಳಿಬಿಡುವ ಮುಸುಕಿಗೆ ಛಾಂಟಿಯಾ ಎನ್ನುತ್ತಾರೆ. ಕೆಂಪು ಮತ್ತು ನೀಲಿ ಮುಖ್ಯ ನೆಲಬಣ್ಣಗಳು. ಕವಡೆ ಹೆಚ್ಚಾಗಿ ಬರುವುದು ಅಂಚಿನಲ್ಲಿ, ಕುಚ್ಚಿನ ಬುಡದಲ್ಲಿ, ಚೀಲದ ಬಾಯಲ್ಲಿ, ನಡುಪಟ್ಟಿಯಲ್ಲಿ. ಎಲ್ಲಕ್ಕಿಂತ ಚೆಂದದ್ದು ಬಿಂದಿಗೆ ಹೊರುವ ಸಿಂಬಿ. ಬಟ್ಟೆ ಸುತ್ತಿದ ಬಳೆಯಾಕಾರದ ಸಿಂಬಿಯ ಸುತ್ತ ಕವಡೆಗಳನ್ನು ಒತ್ತೊತ್ತಾಗಿ ಜೋಡಿಸಿ, ಅದರ ಹಿಂದಕ್ಕೆ ಕಸೂತಿ ತುಂಬಿದ ಚೌಕ ಬಟ್ಟೆಯೊಂದನ್ನು ಇಳಿಬಿಡುತ್ತಾರೆ. ನೀರು ಹೊತ್ತು ನಡೆಯುವವಳ ಬೆನ್ನ ಮೇಲೆ ಅದು ಹರಡಿಕೊಳ್ಳುತ್ತದೆ. ದಿನದ ದುಡಿಮೆಯ ವಸ್ತುವಿಗೆ ಇಷ್ಟು ಶ್ರದ್ಧೆಯ ಅಲಂಕಾರ ಮಾಡಿದ ಕೈಕಸುಬುಗಳು ಕರ್ನಾಟಕದಲ್ಲಿ ಹೆಚ್ಚಿಲ್ಲ.

ಕವಡೆಯನ್ನು ಹೊಲಿಯುವ ಬಗೆ ಸರಳವಾಗಿ ಕಂಡರೂ ಅದರಲ್ಲಿ ಯೋಚನೆಯಿದೆ. ಚಿಪ್ಪಿನ ಒಂದು ಮಗ್ಗುಲು ಉಬ್ಬು, ಇನ್ನೊಂದು ಮಗ್ಗುಲು ಹಲ್ಲುಹಲ್ಲಾದ ಸೀಳುಬಾಯಿ. ಉಬ್ಬು ಬೆನ್ನನ್ನು ಹಾಗೇ ಬಿಟ್ಟರೆ ಬಟ್ಟೆಯ ಮೇಲೆ ಅದು ಕೂರುವುದಿಲ್ಲ, ಹೊರಳುತ್ತದೆ. ಅದಕ್ಕೆ ಬೆನ್ನನ್ನು ಕಲ್ಲಿಗೆ ಉಜ್ಜಿಯೋ ಹದವಾಗಿ ಕುಟ್ಟಿಯೋ ತೆಗೆದುಬಿಡುತ್ತಾರೆ. ಚಪ್ಪಟೆಯಾದ ಹಿಂಬದಿಯಲ್ಲಿ ತೂತು ತೆರೆದುಕೊಳ್ಳುತ್ತದೆ. ಬಾಯಿ ಮೇಲೆ ಬರುವಂತೆ ಇಟ್ಟು, ಸೂಜಿಯನ್ನು ಬಟ್ಟೆಯ ಅಡಿಯಿಂದ ಆ ತೂತಿನೊಳಗೆ ಹಾಯಿಸಿ, ಸೀಳಿನಿಂದ ಹೊರತಂದು, ಚಿಪ್ಪಿನ ತುದಿ ಬಳಸಿ ಮತ್ತೆ ಕೆಳಕ್ಕಿಳಿಸುತ್ತಾರೆ. ದಾರ ಹಲ್ಲುಗಳ ಸಂದಿನಲ್ಲಿ ಕೂತು ಕಣ್ಣಿಗೆ ಬೀಳುವುದಿಲ್ಲ. ಒಡೆದ ಅಂಚು ಹರಿತವಾಗಿದ್ದರೆ ಕೆಲವೇ ದಿನಗಳಲ್ಲಿ ದಾರ ಕತ್ತರಿಸುತ್ತದೆ. ಅಂಚನ್ನು ನಯವಾಗಿ ಉಜ್ಜಿ, ದಪ್ಪ ಜೋಡಿದಾರದಲ್ಲಿ ಹೊಲಿದರೆ ಬಾಳಿಕೆ ಬರುತ್ತದೆ. ಬಟ್ಟೆಯೂ ಒಂಟಿ ಪದರದ್ದಾದರೆ ಚಿಪ್ಪಿನ ಭಾರಕ್ಕೆ ಜಗ್ಗಿ ಹರಿಯುವುದರಿಂದ, ಹಳೆಯ ಬಟ್ಟೆಗಳ ಎರಡು-ಮೂರು ಪದರ ಸೇರಿಸಿ ಕೌದಿಯ ಹಾಗೆ ಗಟ್ಟಿ ಮಾಡಿಕೊಂಡೇ ಕವಡೆ ಕೂರಿಸುತ್ತಾರೆ. ಉಟ್ಟು ಹಳತಾದ ಬಟ್ಟೆ, ಚಲಾವಣೆ ತಪ್ಪಿದ ನಾಣ್ಯ, ಕನ್ನಡಿಯ ಚೂರು, ಕಡಲ ಚಿಪ್ಪು ಎಲ್ಲವೂ ಅಲ್ಲಿ ಮತ್ತೆ ಬಳಕೆಗೆ ಬರುತ್ತವೆ.

ಕವಡೆಯ ಸುತ್ತಲಿನ ಜಾಗವನ್ನು ತುಂಬುವುದು ಕಸೂತಿ. ಬಳ್ಳಾರಿ ಜಿಲ್ಲೆಯ ಸಂಡೂರಿನ ಲಂಬಾಣಿ ಕಸೂತಿಯಲ್ಲಿ 14 ಬಗೆಯ ಹೊಲಿಗೆಗಳನ್ನು ಗುರುತಿಸಲಾಗಿದೆ. ಕಿಲಾನ್, ವೇಲೆ, ಬಕ್ಯಾ, ಮಾಕಿ, ಸೂರ್ಯಕಾಂತಿ ಮಾಕಿ, ರೇಲೋ, ಭೂರಿಯಾ ಅವುಗಳಲ್ಲಿ ಕೆಲವು. ಮೊದಲೇ ನಕ್ಷೆ ಬರೆದುಕೊಳ್ಳದೆ ಎಳೆ ಎಣಿಸಿ ಹೊಲಿಯುವ, ತಾಯಿಯಿಂದ ಮಗಳಿಗೆ ಬಂದ ವಿದ್ಯೆ ಇದು. ಕವಡೆಗೆ ದೃಷ್ಟಿ ತಾಗದಂತೆ ಕಾಯುವ ಗುಣವಿದೆ ಎಂಬ ನಂಬಿಕೆಯೂ ಅದರೊಂದಿಗೆ ಬಂದಿದೆ. ಎಲ್ಲಮ್ಮನ ಜೋಗತಿಯರ ಕವಡೆಸರ, ಮೈಲಾರಲಿಂಗನ ಗೊರವರ ಕವಡೆಪಟ್ಟಿ ನೋಡಿದರೆ ಈ ನಂಬಿಕೆ ಲಂಬಾಣಿಗಳದ್ದಷ್ಟೇ ಅಲ್ಲ, ಒಳನಾಡಿನ ಇಡೀ ಜನಪದದ್ದು ಎಂಬುದು ತಿಳಿಯುತ್ತದೆ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಉಡುಪು ಬದಲಾದಂತೆ ಕೈಕೆಲಸವೂ ಸೊರಗಿತು. ಹೊಲಿಯಲು ತಿಂಗಳುಗಟ್ಟಲೆ ಬೇಕು, ಕೂಲಿ ಬಿಟ್ಟು ಕೂರುವಂತಿಲ್ಲ. ಇದಕ್ಕೆ ದೊಡ್ಡ ಆಸರೆಯಾದದ್ದು ಸಂಡೂರು ಕುಶಲ ಕಲಾ ಕೇಂದ್ರ. 1980ರ ದಶಕದಲ್ಲಿ ಆರಂಭವಾದ ಈ ಸಂಸ್ಥೆ ತಾಂಡಾದ ಹೆಂಗಸರ ಹೊಲಿಗೆಗೆ ಮಾರುಕಟ್ಟೆ ಒದಗಿಸಿತು. ಅಲ್ಲಿಂದ ಮುಂದೆ ಲಂಗ-ಕುಪ್ಪಸದ ಕಸೂತಿ ಕೈಚೀಲ, ದಿಂಬಿನ ಹೊದಿಕೆ, ಗೋಡೆತೂಗು, ದುಪಟ್ಟಾಗಳಿಗೆ ಹಬ್ಬಿತು. 2010ರಲ್ಲಿ ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. 2023ರ ಜುಲೈಯಲ್ಲಿ ಹಂಪಿಯಲ್ಲಿ ನಡೆದ ಜಿ-20 ಸಂಸ್ಕೃತಿ ಕಾರ್ಯಗುಂಪಿನ ಸಭೆಯ ವೇಳೆ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ಸಿದ್ಧಪಡಿಸಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ದಾಖಲೆಗಿಂತ ಮುಖ್ಯವಾದದ್ದು, ಹೊಲಿದವರ ಕೈಗೆ ದುಡ್ಡು ಬರುವ ದಾರಿಯೊಂದು ಉಳಿದಿರುವುದು.

ಮಲೆನಾಡಿನ ಅಂಚಿನಿಂದ ಈ ಉಡುಪನ್ನು ನೋಡಬಯಸುವವರಿಗೆ ಹತ್ತಿರದ ಜಾಗ ಸೂರಗೊಂಡನಕೊಪ್ಪ. ದಾವಣಗೆರೆ ಜಿಲ್ಲೆಯ ನ್ಯಾಮತಿ ತಾಲ್ಲೂಕಿನ ಈ ಊರು 1739ರಲ್ಲಿ ಜನಿಸಿದ ಸಂತ ಸೇವಾಲಾಲರ ಜನ್ಮಸ್ಥಳವೆಂದು ಪ್ರಸಿದ್ಧ. ಫೆಬ್ರುವರಿ 15ರ ಜಯಂತಿಯ ಜಾತ್ರೆಗೆ ಸುತ್ತಲಿನ ಜಿಲ್ಲೆಗಳ ತಾಂಡಾಗಳಿಂದ ಜನ ಸೇರುತ್ತಾರೆ. ಹಿರಿಯ ಹೆಂಗಸರ ಮೈಮೇಲೆ ಹಳೆಯ ಕೈಹೊಲಿಗೆಯನ್ನೂ, ಕಿರಿಯರ ಮೇಲೆ ಯಂತ್ರದ ಹೊಲಿಗೆಯನ್ನೂ ಒಟ್ಟಿಗೆ ಕಾಣಬಹುದು.

ಮಾರುಕಟ್ಟೆಯಲ್ಲಿ ಈಗ ಪ್ಲಾಸ್ಟಿಕ್ ಕವಡೆಯೂ ಸಿಗುತ್ತದೆ. ಅದು ಹಗುರ, ಒಂದೇ ಅಳತೆಯದು, ಮುಟ್ಟಿದರೆ ತಣ್ಣಗಿರುವುದಿಲ್ಲ. ನಿಜವಾದ ಕವಡೆಗಳಲ್ಲಿ ಎರಡು ಒಂದೇ ತೆರನಾಗಿರುವುದಿಲ್ಲ. ಚಿಪ್ಪು ಸುಣ್ಣದ ಅಂಶದ್ದಾದ್ದರಿಂದ ಹುಣಸೆ, ನಿಂಬೆ, ವಿನೆಗರ್ ತಾಗಿದರೆ ಸವೆದು ಹೊಳಪು ಕಳೆದುಕೊಳ್ಳುತ್ತದೆ; ತಣ್ಣೀರು, ಸೌಮ್ಯ ಸಾಬೂನು, ನೆರಳಿನ ಒಣಗು ಸಾಕು. ಕಡಲ ದಡದಲ್ಲಿ ತಾವೇ ಚಿಪ್ಪು ಆಯ್ದು ಬಟ್ಟೆಗೆ ಹೊಲಿಯುವ ಹವ್ಯಾಸಿಗಳು ಖಾಲಿ ಚಿಪ್ಪನ್ನಷ್ಟೇ ಎತ್ತಬೇಕು. ಕೊಂಬಿನ ಶಿರಸ್ತ್ರಾಣ ಶಂಖ, ಟ್ರೈಟನ್ ಶಂಖ, ನಾಟಿಲಸ್ ಮೊದಲಾದವು ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪಟ್ಟಿಯಲ್ಲಿವೆ. ಅವುಗಳ ಸಂಗ್ರಹ, ಮಾರಾಟ ಅಪರಾಧ.

ಹಳೆಯ ಕಾಂಚಳಿ, ಸಿಂಬಿಗಳನ್ನು ಕತ್ತರಿಸಿ ತುಂಡುತುಂಡಾಗಿ ಹೊಸ ಚೀಲಗಳಿಗೆ ಅಂಟಿಸಿ ಮಾರುವ ವ್ಯಾಪಾರವೂ ನಡೆದಿದೆ. ಕೊಳ್ಳುವವರು ಅಂಥ ತುಂಡುಗಳನ್ನು ಬಿಟ್ಟು, ಇಂದು ಹೊಲಿಯುತ್ತಿರುವ ಕೈಗಳಿಂದ ಹೊಸ ಕೆಲಸವನ್ನೇ ನೇರವಾಗಿ ಕೊಳ್ಳಬೇಕು. ಅಜ್ಜಿಯ ಪೆಟ್ಟಿಗೆಯಲ್ಲಿ ಹಳೆಯದು ಉಳಿದಿರುವ ತಾಂಡಾದ ಮನೆಗಳು, ಅದನ್ನು ಹೊಲಿದವರ ಹೆಸರು ಬರೆದಿಟ್ಟು, ಇಡಿಯಾಗಿ ಕಾಪಾಡಿಕೊಳ್ಳಲಿ.