ಬಿಸಿಯಲ್ಲಿ ಮೂಡಿದ ಅಕ್ಷರ

ಮೂರು ವರ್ಷಗಳ ಹಿಂದೆ ಹೊಳೆನರಸೀಪುರದ ಕಡೆಯ ಹಿರಿಯರೊಬ್ಬರು ಹಾಸನದ ನಮ್ಮ ಮನೆಗೆ ಒಂದು ಬಿಸ್ಕತ್ತಿನ ಡಬ್ಬಿ ಹಿಡಿದು ಬಂದರು. ಒಳಗಿದ್ದುದು ಮೈಕ್ರೋಫಿಲ್ಮಿನ ಸುರುಳಿ. ಅವರ ಮನೆತನದ ಜೈಮಿನಿ ಭಾರತದ ಓಲೆಗರಿಗಳನ್ನು ಬಹು ಹಿಂದೆ ಸಂಶೋಧಕರೊಬ್ಬರು ಚಿತ್ರಿಸಿಕೊಂಡು, ಕೃತಜ್ಞತೆಗೆಂದು ಒಂದು ಪ್ರತಿ ಕಳುಹಿಸಿದ್ದರಂತೆ. ಮೂಲದ ಕಟ್ಟನ್ನು ಕೇಳಿದೆ. "ಹುಳ ಹಿಡಿದಿತ್ತು ಮೇಷ್ಟ್ರೇ, ನಮ್ಮಪ್ಪ ಹೇಮಾವತಿಗೆ ಬಿಟ್ಟುಬಿಟ್ಟರು" ಎಂದರು. ಹಳೆಯ ಗ್ರಂಥವನ್ನು ಹೊಳೆಗೆ ಬಿಡುವುದು ನಮ್ಮಲ್ಲಿ ಅನಾದರವಲ್ಲ, ಸಂಸ್ಕಾರ. ಕೊನೆಯ ಗರಿಯಲ್ಲಿ ಬರೆದವನ ಹೆಸರುಂಟು, ಅವನು ತಮ್ಮ ಮುತ್ತಜ್ಜನ ತಂದೆ, ಅದನ್ನೊಮ್ಮೆ ಓದಿ ಹೇಳಬೇಕೆಂಬುದಷ್ಟೇ ಅವರ ಕೋರಿಕೆ.

ಗ್ರಂಥಾಲಯವೊಂದರ ಮೂಲೆಯಲ್ಲಿ ಧೂಳು ಹಿಡಿದಿದ್ದ ಓದುಯಂತ್ರಕ್ಕೆ ಸುರುಳಿಯನ್ನು ಏರಿಸಿದೆ. ನೇರವಾಗಿ ಕೊನೆಗೆ ಹೋಗಿದ್ದರೆ ಆಗುತ್ತಿತ್ತು. ಪಂಡಿತನ ಚಪಲ ಬಿಡಬೇಕಲ್ಲ! ನಡುವೆ, ಅಚ್ಚಿನ ಪುಸ್ತಕದಲ್ಲಿ ಕಾಣದ ಪಾಠವೊಂದು ಕಣ್ಣಿಗೆ ಬಿದ್ದಿತು. ಅಲ್ಲಿಯೇ ನಿಂತು ಬರೆದುಕೊಳ್ಳತೊಡಗಿದೆ. ಅರ್ಧ ಗಂಟೆ ಕಳೆದಿರಬಹುದು, ಅಕ್ಷರಗಳು ಮಸುಕಾದವು. ದೀಪ ಕೆಟ್ಟಿತೆಂದು ಮುಂದಿನ ಚಿತ್ರಕ್ಕೆ ಸರಿಸಿದೆ. ಅದು ಸ್ವಚ್ಛವಾಗಿತ್ತು. ಹಿಂದಕ್ಕೆ ಬಂದೆ. ಆ ಗರಿ ಮಾತ್ರ ಅಳಿಸಿಹೋಗಿತ್ತು.

ಆಮೇಲೆ ತಿಳಿದೆ, ಕಲಿಯಬೇಕಾದುದು ಮೊದಲು. ಸಾಮಾನ್ಯ ಮೈಕ್ರೋಫಿಲ್ಮನ್ನು ಔಷಧದ ನೀರಿನಲ್ಲಿ ಅದ್ದಿ, ಉಳಿದ ಬೆಳ್ಳಿಯ ಲವಣವನ್ನು ತೊಳೆದು ಸ್ಥಿರಗೊಳಿಸುತ್ತಾರೆ. ಪಾಲಿಯೆಸ್ಟರ್ ಹಾಳೆಯ ಮೇಲಿನ ಅಂಥ ಬಿಂಬಕ್ಕೆ, ಚೆನ್ನಾಗಿ ಇಟ್ಟರೆ, 500 ವರ್ಷ ಆಯಸ್ಸೆಂದು ತಜ್ಞರ ಎಣಿಕೆ. ನೀರಿಲ್ಲದೆ ಬರಿಯ ಬಿಸಿಯಿಂದ ಬಿಂಬ ಮೂಡಿಸುವ ಬೆಳ್ಳಿಯ ಫಿಲ್ಮೂ ಉಂಟು. ಕಂಪ್ಯೂಟರಿನ ದಾಖಲೆಗಳಿಗೆ ಅದು ಹೆಚ್ಚಾಗಿ ಬಳಕೆಯಾಯಿತು. ಅದರಲ್ಲಿ ತೊಳೆಯುವ ಕೆಲಸವೇ ಇಲ್ಲ. ಉಳಿದ ರಾಸಾಯನಿಕಗಳು ಒಳಗೇ ಕುಳಿತಿರುತ್ತವೆ. ಮತ್ತೆ ಶಾಖವೂ ಬೆಳಕೂ ತಗುಲಿದರೆ ಹಿನ್ನೆಲೆ ಕಪ್ಪಾಗತೊಡಗುತ್ತದೆ. ಅದಕ್ಕೆ ನೂರು ವರ್ಷವೇ ಮೇರೆ.

ನನ್ನ ಕೈಯಲ್ಲಿದ್ದುದು ಅದರ ದಾಯಾದಿ, ಗುಳ್ಳೆಗಳ ಫಿಲ್ಮು. ಪ್ರತಿ ತೆಗೆಯಲು ಬಳಸುವಂಥದು. ಅತಿನೇರಳೆ ಕಿರಣ ಬಿದ್ದೆಡೆಯಲ್ಲಿ ಸಾರಜನಕ ಹುಟ್ಟುತ್ತದೆ. ಬಿಸಿಗೆ ಅಂಟು ಮೆದುವಾಗಿ ಆ ಅನಿಲ ಸೂಕ್ಷ್ಮ ಗುಳ್ಳೆಗಳಾಗಿ ಉಬ್ಬುತ್ತದೆ. ಗುಳ್ಳೆಗಳು ಬೆಳಕನ್ನು ಚೆದುರಿಸುವುದರಿಂದ ಆ ಭಾಗ ತೆರೆಯ ಮೇಲೆ ಕಪ್ಪಾಗಿ ತೋರುತ್ತದೆ. ಅಂದರೆ ನಾನು ಓದುತ್ತಿದ್ದ ಮುತ್ತಜ್ಜನ ಅಕ್ಷರ ಮಸಿಯೂ ಅಲ್ಲ, ಬೆಳ್ಳಿಯೂ ಅಲ್ಲ, ಬರಿಯ ಗಾಳಿ. ಸುಮಾರು 75 ಡಿಗ್ರಿ ಸೆಲ್ಸಿಯಸ್ ದಾಟಿದರೆ ಗುಳ್ಳೆಗಳು ಕುಸಿಯುತ್ತವೆ. ಬಿಸಿಯಲ್ಲಿ ಹುಟ್ಟಿದುದು ಬಿಸಿಯಲ್ಲಿಯೇ ಸಾಯುತ್ತದೆ. ಇದರ ಹಳೆಯ ಬಗೆಯೊಂದು ಆಮ್ಲದ ಆವಿಯನ್ನು ಬಿಟ್ಟು, ತಾನಿದ್ದ ಪೆಟ್ಟಿಗೆಯನ್ನೂ ಕಬ್ಬಿಣದ ಕಪಾಟನ್ನೂ ಕೊರೆದದ್ದುಂಟು. ಆದುದರಿಂದ ಬೆಳ್ಳಿಯ ಫಿಲ್ಮಿನ ಜತೆ ಇದನ್ನು ಒಂದೇ ಕಪಾಟಿನಲ್ಲಿಡಲಾಗದು.

ಇಡುವ ಕ್ರಮ ಕಠಿಣವೇನಲ್ಲ: ತಾಪ 21 ಡಿಗ್ರಿಯನ್ನೂ ಗಾಳಿಯ ತೇವ ಶೇಕಡ 50ನ್ನೂ ಮೀರಬಾರದು. ರಬ್ಬರಿನ ಪಟ್ಟಿ ಸುತ್ತಬಾರದು, ಅದರ ಗಂಧಕ ಬೆಳ್ಳಿಗೆ ಶತ್ರು. ಅಂಚಿನಲ್ಲಿ ಹಿಡಿಯಬೇಕು, ಹತ್ತಿಯ ಕೈಚೀಲವಿದ್ದರೆ ಲೇಸು. ಆದರೆ ಅರಕಲಗೂಡಿನ ಮಳೆಗಾಲದ ತೇವಕ್ಕೆ, ಚನ್ನರಾಯಪಟ್ಟಣದ ಬೇಸಗೆಯ ತಗಡಿನ ಸೂರಿಗೆ ಈ ಲೆಕ್ಕ ಯಾರು ಹೇಳಬೇಕು? ಆ ಚನ್ನರಾಯಪಟ್ಟಣದ ತಾಲ್ಲೂಕಿನಲ್ಲಿಯೇ ಶ್ರವಣಬೆಳಗೊಳದ ಬಂಡೆಗಳು ಸಾವಿರ ವರ್ಷಗಳಿಗೂ ಮಿಗಿಲಾಗಿ ಬಿಸಿಲನ್ನುಂಡು ಅಕ್ಷರವನ್ನು ಉಳಿಸಿಕೊಂಡಿವೆ. ಕಲ್ಲಿಗೆ ನಾವು ಕೊಡುವ ಗೌರವದ ಕಾಲುಭಾಗವನ್ನೂ ಫಿಲ್ಮಿಗೆ ಕೊಡುವುದಿಲ್ಲ.

ಉಳಿದ ಚಿತ್ರಗಳನ್ನೆಲ್ಲ, ದೀಪವನ್ನು ಆಗಾಗ ಆರಿಸುತ್ತ, ಡಿಜಿಟಲ್ ಕ್ಯಾಮೆರಾದಲ್ಲಿ ತೆಗೆಸಿದೆ. ಕೊನೆಯ ಗರಿ ಭದ್ರವಾಗಿತ್ತು. ಬರೆದವನ ಹೆಸರೂ ಇತ್ತು. ಅದನ್ನು ಓದಿ ಹೇಳಲು ಹೋದಾಗ ಅಳಿದ ಗರಿಯ ಸಂಗತಿಯನ್ನೂ ಹೇಳದೆ ವಿಧಿಯಿರಲಿಲ್ಲ. ತಲೆ ತಗ್ಗಿಸಿ ಹೇಳಿದೆ. ಹಿರಿಯರು ಹೆಸರನ್ನು ಎರಡು ಸಲ ಹೇಳಿಸಿಕೊಂಡರು. ಬಳಿಕ, "ನಿಮ್ಮ ಕೈಲಿ ಹೋದದ್ದು ಒಂದು ಗರಿ. ನಮ್ಮಪ್ಪ ಹೊಳೆಗೆ ಬಿಟ್ಟದ್ದು ಇಡೀ ಕಟ್ಟು. ಕಾಫಿ ತಗೊಳ್ಳಿ ಮೇಷ್ಟ್ರೇ" ಎಂದರು.

ಸುರುಳಿ ಈಗ ಬಿಸ್ಕತ್ತಿನ ಡಬ್ಬಿಯಲ್ಲಿಲ್ಲ, ಅಟ್ಟದ ಮೇಲೂ ಇಲ್ಲ. ಅವರ ನಡುಮನೆಯ ತಂಪಾದ ಗೂಡಿನಲ್ಲಿದೆ.